ದೇವಕ್ಕನ ಒಂದು ವಾಕ್ಯ

ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರೂ ಊರಿನಲ್ಲಿ ಶಾಖೆಗಳಿದ್ದ ಸಂಜೀವ ಆಸ್ಪತ್ರೆ ಸಂಘದಲ್ಲಿ ನಾನು ಇಪ್ಪತ್ತೆರಡು ವರ್ಷ ಔಷಧಿ ವಿಭಾಗ ನೋಡಿಕೊಂಡೆ. ಹೆಸರು ಮಧುಕೇಶ್ವರ, ಊರು ದಾಸನಕೊಪ್ಪ. ಸಂಘದ ಖರೀದಿ ಸಮಿತಿಯಲ್ಲಿ ಮೂರು ಜನ ಇದ್ದೆವು: ಅಧ್ಯಕ್ಷರು, ಸಿದ್ದಾಪುರದ ಸದಸ್ಯರೊಬ್ಬರು, ಮೂರನೆಯವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಸಮಿತಿಯನ್ನು ಬೈದಲ್ಲೆಲ್ಲ ಮೂರರಲ್ಲೊಂದು ಪಾಲು ನನಗೂ ಸೇರಬೇಕು.

ಬರೆಯಹೊರಟಿದ್ದು ದೇವಕ್ಕನ ಬಗ್ಗೆ. ಅವಳು ೧೯೮೯ರಲ್ಲಿ ಶಿರಸಿ ಶಾಖೆಯ ದಾಖಲೆ ಕೋಣೆಗೆ ಬಂದಳು. ಇಸಳೂರಿನಲ್ಲಿ ತಂಗಿಯ ಮನೆಗೆ ತಾಗಿಕೊಂಡು ಎರಡು ಕೋಣೆಯ ಮನೆ. ಮದುವೆಯಾಗಿರಲಿಲ್ಲ. ಎದುರಿಗೆ ಅಧ್ಯಕ್ಷರೇ ನಿಂತಿರಲಿ, ಕಿರವತ್ತಿಯ ಕಾಡುಕೆಲಸದವನೇ ನಿಂತಿರಲಿ, ಅವಳು ಮಾತಾಡುತ್ತಿದ್ದುದು ತನ್ನ ಮನೆಮಾತನ್ನೇ. ಡಾಕ್ಟರರ ಅಕ್ಷರ ಅರ್ಥವಾಗದಿದ್ದರೆ ಚೀಟಿ ಹಿಡಿದು ನೇರ ಅವರ ಮುಂದೆ ಹೋಗಿ, "ಇದ್ನ ನೀವೇ ಓದಿ ಹೇಳಿ ನೋಡನ" ಎನ್ನುವಳು. ಡಾಕ್ಟರರು ಕನ್ನಡಕ ಹಾಕಿ, ತೆಗೆದು, ಬೆಳಕಿಗೆ ಹಿಡಿದು, ಕೊನೆಗೆ ಹೊಸ ಚೀಟಿ ಬರೆದು ಕೊಡುವರು. ನಮ್ಮ ಸಂಘದಲ್ಲಿ ಡಾಕ್ಟರರು ಹೆದರುತ್ತಿದ್ದುದು ಅವಳೊಬ್ಬಳಿಗೇ.

ಅವಳ ಕೆಲಸದ ಮುಖ್ಯ ಭಾಗ ಬಸುರಿಯರ ಕಡತ. ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಮನೆಯಲ್ಲಿ ಬಸುರಿ, ತವರಿನಲ್ಲಿ ಬಾಣಂತಿ. ಯಲ್ಲಾಪುರಕ್ಕೆ ಕೊಟ್ಟ ಸಿದ್ದಾಪುರದ ಹುಡುಗಿ ಆರು ತಿಂಗಳು ಯಲ್ಲಾಪುರದ ಶಾಖೆಯಲ್ಲಿ ತೋರಿಸಿಕೊಂಡು, ಸೀಮಂತ ಮುಗಿಸಿ, ಏಳರಲ್ಲಿ ಸಿದ್ದಾಪುರಕ್ಕೆ ಬರುತ್ತಾಳೆ. ಕಷ್ಟದ ಹೆರಿಗೆಯಾದರೆ ಶಿರಸಿಗೆ. ಇನ್ನೊಂದು ತೊಡಕೂ ಇತ್ತು. ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುತ್ತಿದ್ದರು. ಆದ್ದರಿಂದ ದೇವಕ್ಕ ಕಿಟಕಿಯಲ್ಲಿ ಕೇಳುತ್ತಿದ್ದ ಮೊದಲ ಪ್ರಶ್ನೆಯೇ, "ನಿಂಗೆ ಮದ್ವೆಲಿ ಎಂತ ಹೆಸರಿಟ್ಟಿದ್ದ?" ಎರಡೂ ಹೆಸರು ಬರೆಯುವಳು. ಯಾರಿಗಾದರೂ ಯಾವುದಾದರೂ ಔಷಧಿ ಮೈಗೆ ಆಗದು ಎಂದಿದ್ದರೆ ಅದನ್ನು ಕೆಂಪು ಶಾಯಿಯಲ್ಲಿ ಚೀಟಿಯ ಮೇಲೆ ಬರೆದು, ಉಳಿದೆರಡು ಶಾಖೆಗೂ ಬೆಳಗಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುವಳು. ಆ ಎರಡು ಶಾಖೆಯವರೂ ಹಾಗೆಯೇ ಕಳಿಸಬೇಕೆಂದು ಬೆನ್ನು ಬಿದ್ದು ರೂಢಿ ಮಾಡಿಸಿದ್ದಳು. ಹತ್ತು ವರ್ಷ ಹೀಗೆ ನಡೆಯಿತು, ಒಂದು ಚೀಟಿಯೂ ತಪ್ಪಲಿಲ್ಲ.

ಒಂದು ಶಾಖೆಯವರಿಗೆ ತಿಳಿದದ್ದು ಇನ್ನೊಂದು ಶಾಖೆಗೆ ಹೆರಿಗೆನೋವಿಗಿಂತ ಮೊದಲು ತಲುಪಬೇಕು. ಅವಳ ಇಡೀ ನೌಕರಿ ಇಷ್ಟೇ. ಇಷ್ಟನ್ನು ಕೆಡಿಸಲು ನಮಗೆ ಮೂರು ಕಂಪ್ಯೂಟರು ಬೇಕಾದವು.

೧೯೯೯ರಲ್ಲಿ ಎಲ್ಲ ಕಡೆ ಕಂಪ್ಯೂಟರಿನ ಗಾಳಿ. ನಮ್ಮ ಅಧ್ಯಕ್ಷ ಮಂಜಪ್ಪನವರು ಒಳ್ಳೆಯ ಮನುಷ್ಯ, ಅತಿಥಿ ಸತ್ಕಾರದಲ್ಲಿ ಮೂರು ತಾಲೂಕಿಗೂ ಹೆಸರಾದವರು. ಅವರು ಹುಬ್ಬಳ್ಳಿಯ ಒಂದು ಕಂಪನಿಯವರನ್ನು ಶಿರಸಿಗೆ ಕರೆಸಿದರು. ಶಿರಸಿ ಕೊಳ್ಳುವ ಕಂಪನಿಯದನ್ನೇ ಸಿದ್ದಾಪುರದವರು ಕೊಂಡರೆ ಅದು ಶಿರಸಿಯ ಬಾಲ ಹಿಡಿದಂತಾಗುತ್ತದೆಂದು ಸಿದ್ದಾಪುರದ ಸದಸ್ಯರು ಶಿವಮೊಗ್ಗದ ಬೇರೆ ಕಂಪನಿ ಹುಡುಕಿದರು. ಯಲ್ಲಾಪುರಕ್ಕೆ ಮುಂಬಯಿಯ ದಾನಿಯೊಬ್ಬರು ತಮ್ಮ ಗೋದಾಮಿನ ಸಾಫ್ಟ್‌ವೇರ್ ಹಾಕಿಸಿದ ಯಂತ್ರವನ್ನೇ ಕಳಿಸಿಬಿಟ್ಟರು. ಅದರಲ್ಲಿ ರೋಗಿಯನ್ನು ಒಳಗೆ ಸೇರಿಸಿಕೊಂಡರೆ "ಸರಕು ಬಂದಿದೆ" ಎಂದು ಬರುತ್ತಿತ್ತು.

ಖರೀದಿ ಸಮಿತಿ ಹೇಗೆ ಕೊಳ್ಳುತ್ತಿತ್ತು ಎನ್ನುವುದನ್ನು ಹೇಳಬೇಕು. ಕಂಪನಿಯವರು ಹನ್ನೊಂದಕ್ಕೆ ಬರುವರು. ಅರ್ಧ ಗಂಟೆ ಪರದೆಯ ಮೇಲೆ ಏನೋ ತೋರಿಸುವರು. ಆಮೇಲೆ ಮಂಜಪ್ಪನವರ ಮನೆಯಲ್ಲಿ ಊಟ: ಅಪ್ಪೆಹುಳಿ, ತೊಡೆದೇವು, ಒತ್ತಾಯದ ಮೇಲೆ ಒತ್ತಾಯ. ಎರಡು ಗಂಟೆಗೆ ಎಲೆಯಡಿಕೆಯ ಕವಳ ಹಾಕಿಕೊಂಡು ಕೂತಾಗ ಸಮಿತಿ ಪ್ರಶ್ನೆ ಕೇಳಬೇಕು. ಆದರೆ ನಮ್ಮಲ್ಲಿ ಉಂಡವನ ಎದುರು ಕೊಂಕು ತೆಗೆಯುವುದು ಎಲ್ಲಾದರೂ ಉಂಟೇ? ಯಂತ್ರದ ಬಗ್ಗೆ ಕೇಳಿದರೆ ಅನ್ನದ ಲೆಕ್ಕ ಕೇಳಿದಂತೆ ಎಂಬ ಭಾವನೆ ನಮಗೆಲ್ಲ. ಹೀಗಾಗಿ ನಾನು ಕೇಳಿದ ಒಂದೇ ಪ್ರಶ್ನೆ, ಜೊತೆಗೆ ಕೊಡುವ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದು. ಈ ಮರ್ಯಾದೆಯನ್ನು ಕಂಪನಿಗಳು ಬೇಗ ಅರ್ಥ ಮಾಡಿಕೊಂಡವು. ಊಟದ ಹೊತ್ತು ತಪ್ಪಿಸಿ ಬಂದ ಒಬ್ಬ ಮಾರಾಟಗಾರನನ್ನೂ ನಾನು ನೋಡಿಲ್ಲ.

ದೇವಕ್ಕನಿಗೆ ಊಟದ ಆಮಂತ್ರಣ ಇರಲಿಲ್ಲ, ಆದ್ದರಿಂದ ಅವಳು ಹನ್ನೊಂದೂವರೆಗೇ ಪ್ರಶ್ನೆ ಕೇಳಿದಳು. ಪರದೆಯ ಮೇಲೆ ಜಾನ್ ಎಂಬ ಮೂವತ್ತೈದು ವರ್ಷದ ರೋಗಿಗೆ ನೆಗಡಿಯಾಗಿತ್ತು. ದೇವಕ್ಕ ಬಾಗಿಲಲ್ಲಿ ನಿಂತು, "ಈ ಜಾನನ ಹೆಂಡ್ತಿ ಹೆರಿಗೆಗೆ ತವರಿಗೆ ಹೋದ್ರೆ ಇಲ್ಲಿ ಬರೆದದ್ದು ಅಲ್ಲಿ ಓದಲೆ ಬತ್ತ?" ಎಂದಳು.

"ಅದೆಲ್ಲ ಮುಂದಿನ ಹಂತ ಅಮ್ಮ," ಎಂದ ಮಾರಾಟಗಾರ, ನಗುತ್ತ.

"ಹೊಟ್ಟೆಲಿದ್ದ ಶಿಶು ಮುಂದಿನ ಹಂತಕ್ಕೆ ಕಾಯ್ತಿಲ್ಲೆ."

ನಾವೂ ನಕ್ಕೆವು. ನಾನು ಸ್ವಲ್ಪ ಜಾಸ್ತಿಯೇ ನಕ್ಕೆ, ಕಂಪನಿಯವನಿಗೆ ಮುಜುಗರವಾಗಬಾರದೆಂದು. ಮರುದಿನ ದೇವಕ್ಕ ಒಂದು ವಾಕ್ಯ ಬರೆದುಕೊಂಡು ಬಂದು ನನ್ನ ಮೇಜಿನ ಮೇಲಿಟ್ಟಳು. ಖರೀದಿ ಆದೇಶದಲ್ಲಿ ಇದೊಂದನ್ನು ಸೇರಿಸಿ ಎಂದಳು. ವಾಕ್ಯ ಹೀಗಿತ್ತು: "ಒಂದು ಶಾಖೆಯಲ್ಲಿ ಬರೆದದ್ದು ಉಳಿದೆರಡು ಶಾಖೆಗಳಲ್ಲಿ ಓದಲು ಬರಬೇಕು, ನಮ್ಮೆದುರು ಹಾಗೆ ಓದಿ ತೋರಿಸಿದ ಮೇಲೆಯೇ ಯಂತ್ರವನ್ನು ಒಪ್ಪಿಕೊಳ್ಳಲಾಗುವುದು." ಮಂಜಪ್ಪನವರು ಓದಿ, "ಹೋಗ್ಲಿ ಬಿಡಿ, ಊಟ ಮಾಡಿಸಿ ಕಳಿಸಿದ ಮೇಲೆ ಈಗ ಹೊಸ ಶರತ್ತು ಹಾಕಿದ್ರೆ ಚೆಂದ ಅಲ್ಲ" ಎಂದರು. ನಾನು ತಲೆಯಾಡಿಸಿದೆ.

ಕಂಪ್ಯೂಟರಿಗೆ ತಂಪು ಬೇಕೆಂದು ದಾಖಲೆ ಕೋಣೆಯನ್ನೇ ಖಾಲಿ ಮಾಡಿಸಿ ಕಡತಗಳನ್ನು ಮೆಟ್ಟಿಲ ಕೆಳಗೆ ಒಟ್ಟಿದೆವು. ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದೆವು. ಆಪರೇಷನ್ ಕೋಣೆಗೆ ಚಪ್ಪಲಿ ಮೆಟ್ಟಿಕೊಂಡೇ ನುಗ್ಗುತ್ತಿದ್ದ ಡಾಕ್ಟರರೂ ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಡತೊಡಗಿದರು. ಸಂಘ ಇನ್ನು ಮುಂದೆ ಕಾಗದರಹಿತ ಎಂದು ಮಂಜಪ್ಪನವರು ಸುತ್ತೋಲೆ ಹೊರಡಿಸಿದರು, ಅದೂ ಮೂರು ಪುಟದ ಕಾಗದದಲ್ಲಿ. ಕೆಂಪು ಶಾಯಿಯ ಚೀಟಿ ನಿಂತಿತು. ಬದಲಿಗೆ ಶಾಖೆಯಿಂದ ಶಾಖೆಗೆ ಫ್ಲಾಪಿ ಹೋಗಲಾರಂಭಿಸಿತು, ಅದೇ ಬಸ್ಸಿನಲ್ಲಿ, ಅದೇ ಕಂಡಕ್ಟರ್ ರಾಮನ ಚೀಲದಲ್ಲಿ. ಯಲ್ಲಾಪುರದ ಫ್ಲಾಪಿಯನ್ನು ಶಿರಸಿಯ ಯಂತ್ರಕ್ಕೆ ತುರುಕಿದರೆ ಅದು ಗರ್ರೆಂದು ಹೊರಗೆ ಉಗುಳುತ್ತಿತ್ತು.

ಹಾವೇರಿ ಕಡೆಯ ರಾಮ ಒಂದು ದಿನ ಕಿಟಕಿಗೆ ಬಂದು, "ಏನ್ರಿ ದೇವಕ್ಕಾರ, ಮೊದ್ಲಿನ ಚೀಟಿ ನಾನೂ ಓದ್ತಿದ್ದೆ, ಬಸ್ಸಿನಾಗ ಕುಂತ ಮಂದೀನೂ ಓದ್ತಿದ್ರು. ಈಗಿಂದು ನಿಮ್ಮ ಮಶಿನಿಗೇ ಓದಾಕ ಬರೂದಿಲ್ಲಲ್ರಿ!" ಎಂದ. ದೇವಕ್ಕ ನಗಲಿಲ್ಲ. "ಇದು ನಗೋ ವಿಷ್ಯ ಅಲ್ಲ ರಾಮ. ಯಾರೋ ಒಬ್ಳು ಇದ್ಕೆ ಬಲಿಯಾಗ್ತು" ಎಂದಳು.

ಬಲಿಯಾಗಬೇಕಾದವಳು ೨೦೦೩ರಲ್ಲಿ ಬಂದಳು. ಸಿದ್ದಾಪುರದ ಪರಿಮಳಾ, ಯಲ್ಲಾಪುರಕ್ಕೆ ಕೊಟ್ಟವಳು, ಇಪ್ಪತ್ಮೂರು ವರ್ಷ, ಚೊಚ್ಚಲು. ಸಿದ್ದಾಪುರದ ಶಾಖೆಯಲ್ಲಿ ನೋವು ತಿನ್ನುತ್ತಿದ್ದಾಗ ಪೆನ್ಸಿಲಿನ್ ಕೊಡುವ ಮೊದಲು ಪರೀಕ್ಷೆಗೆಂದು ಚರ್ಮದಡಿ ಹಾಕಿದ ಹನಿಗೇ ಮುಖ ಊದಿ, ಉಸಿರು ಕಟ್ಟಿತು. ಅಲ್ಲಿಯವರು ತಮಗೆ ತಿಳಿದದ್ದು ಮಾಡಿ ಆಂಬುಲೆನ್ಸಿನಲ್ಲಿ ಶಿರಸಿಗೆ ಓಡಿಸಿದರು. ಅವಳ ತಾಯಿ ಹೊರಗೆ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದಳು. ದೇವಕ್ಕ ಹೋಗಿ ಅವಳ ಭುಜ ಹಿಡಿದು, "ಇವ್ಳಿಗೆ ಮದ್ವೆಲಿ ಎಂತ ಹೆಸರಿಟ್ಟಿದ್ದ?" ಎಂದು ಕೇಳಿದಳು.

"ಗಂಗಾ," ಎಂದಳು ತಾಯಿ.

ದೇವಕ್ಕ ಯಲ್ಲಾಪುರಕ್ಕೆ ಫೋನ್ ಮಾಡಿಸಿದಳು. ಗಂಗಾ ಎಂಬ ಹೆಸರು ಹಾಕಿದ ಕೂಡಲೇ ಅಲ್ಲಿಯ ಪರದೆಯ ಮೇಲೆ ಬಂತು: ಐದನೇ ತಿಂಗಳಲ್ಲಿ ಪೆನ್ಸಿಲಿನ್ ಕೊಟ್ಟಾಗ ಪ್ರಾಣಕ್ಕೆ ಬಂದಿತ್ತು, ಇನ್ನೆಂದೂ ಕೊಡಬಾರದು. ಕೆಂಪಕ್ಷರದಲ್ಲಿ ಮಿನುಗುತ್ತಲೂ ಇತ್ತಂತೆ. ನಾಲ್ಕು ತಿಂಗಳಿಂದ ಅದು ಯಲ್ಲಾಪುರದಲ್ಲಿ ಮಿನುಗುತ್ತಿತ್ತು, ನೋಡಬೇಕಾದವರು ಸಿದ್ದಾಪುರದಲ್ಲಿದ್ದರು. ಪರಿಮಳಾಳಿಗೆ ಯಾವುದೋ ಸೂಜಿ ಆಗದು ಎನ್ನುವುದು ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಎಲ್ಲಾ ಕಂಪ್ಯೂಟರಿನಲ್ಲಿ ಹಾಕಿದ್ದೇವೆ, ನೀನು ನೆನಪಿಡಬೇಕಾಗಿಲ್ಲ ಎಂದು ನಮ್ಮವರೇ ಹೇಳಿ ಕಳಿಸಿದ್ದರು.

ತಾಯಿಯೂ ಮಗುವೂ ಬದುಕಿದರು. ಎರಡು ದಿನ ಏನೂ ಹೇಳಲು ಬರುವಂತಿರಲಿಲ್ಲ. ಆ ಎರಡು ದಿನ ದೇವಕ್ಕ ಇಸಳೂರಿಗೆ ಹೋಗಲಿಲ್ಲ. ಮೂರನೇ ದಿನ ಪರಿಮಳಾ ಕಣ್ಣು ಬಿಟ್ಟು ನೀರು ಕೇಳಿದ ಮೇಲೆ ಅವಳು ನನ್ನ ಔಷಧಿ ಕಿಟಕಿಗೆ ಬಂದು ನಿಂತಳು. ನನಗೆ ತಲೆಯೆತ್ತಲು ಆಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ.

ಸಮಿತಿ ಇದನ್ನು ಗಂಭೀರವಾಗಿ ತೆಗೆದುಕೊಂಡಿತು. ಮೂರು ಯಂತ್ರ ಪರಸ್ಪರ ಮಾತಾಡುವುದಿಲ್ಲ ಎನ್ನುವುದೇ ಸಮಸ್ಯೆ ತಾನೆ? ಅವನ್ನು ಮಾತಾಡಿಸಲು ೨೦೦೪ರಲ್ಲಿ ನಾಲ್ಕನೆಯದನ್ನು ಕೊಂಡೆವು, ನಾಲ್ಕನೇ ಕಂಪನಿಯಿಂದ. ದೇವಕ್ಕ ಮತ್ತೆ ತನ್ನ ವಾಕ್ಯ ತಂದಳು. ಆ ದಿನ ಮಂಜಪ್ಪನವರ ಮನೆಯಲ್ಲಿ ಹಲಸಿನ ಕಡುಬು ಬೇರೆ ಇತ್ತು, ಬೆಂಗಳೂರಿನಿಂದ ಬಂದವನು ಮೂರನೇ ಬಾರಿ ಹಾಕಿಸಿಕೊಂಡು ಮನೆಯವರ ಮನಸ್ಸು ಗೆದ್ದಿದ್ದ. ವಾಕ್ಯ ಹಾಗೇ ಉಳಿಯಿತು. ನಾಲ್ಕನೇ ಯಂತ್ರ ಬಂದ ಮೇಲೆ ತಿಳಿಯಿತು, ಉಳಿದ ಮೂರರಲ್ಲಿ ಇರುವುದನ್ನೆಲ್ಲ ಯಾರಾದರೂ ಕೂತು ಅದಕ್ಕೆ ಮತ್ತೆ ಟೈಪು ಮಾಡಿ ಹೇಳಿದರೆ ಮಾತ್ರ ಅದಕ್ಕೆ ಗೊತ್ತಾಗುತ್ತದೆಂದು. ಟೈಪು ಮಾಡುವವರು ಯಾರೂ ಇರಲಿಲ್ಲ.

"ಮೂರು ಜನ ಮಾತಾಡ್ತ್ವಿಲ್ಲೆ ಹೇಳಿ ನಾಲ್ಕನೆಯವನ ಕರಕಂಡು ಬಂದಿ," ಎಂದಳು ದೇವಕ್ಕ. "ಅವ ಹುಟ್ಟಾ ಮೂಕ."

೨೦೦೫ರಲ್ಲಿ ಪರಿಮಳಾ ಮತ್ತೆ ಬಸುರಿ ಎಂದು ಸುದ್ದಿ ಬಂದಾಗ ದೇವಕ್ಕ ಸಮಿತಿಯ ಹತ್ತಿರ ಬರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಪಾತ್ರೆಗಳ ಮೇಲೆ ಹೆಸರು ಕೊರೆಯುವವನಲ್ಲಿಗೆ ಹೋದಳು. ಎಂಟಾಣೆಯಷ್ಟು ಹಿತ್ತಾಳೆ ತಗಡಿನ ಒಂದು ಬದಿಗೆ "ಪೆನ್ಸಿಲಿನ್ ಬೇಡ" ಎಂದೂ ಇನ್ನೊಂದು ಬದಿಗೆ ಎರಡೂ ಹೆಸರನ್ನೂ ಕೊರೆಸಿ, ತಾನೇ ಯಲ್ಲಾಪುರಕ್ಕೆ ಹೋಗಿ ಪರಿಮಳಾಳ ತಾಳಿಸರಕ್ಕೆ ಪೋಣಿಸಿ ಬಂದಳು. ಗಂಡನ ಮನೆಯಿಂದ ತವರಿಗೆ ಹೋಗುವಾಗ ಹೆಂಗಸು ಮರೆಯದೆ ಒಯ್ಯುವ ವಸ್ತು ಅದೊಂದೇ. ಹೆರಿಗೆ ಕೋಣೆಯಲ್ಲಿ ನರ್ಸಮ್ಮನ ಕೈ ಮೊದಲು ಹೋಗುವುದೂ ಅಲ್ಲಿಗೇ, ಬಿಚ್ಚಿ ತಾಯಿಯ ಕೈಗೆ ಕೊಡಲು. ಸಿದ್ದಾಪುರದ ನರ್ಸಮ್ಮ ಬಿಚ್ಚಿದಳು, ಓದಿದಳು, ಬೇರೆ ಔಷಧಿ ತರಿಸಿದಳು. ಹೆರಿಗೆ ಸುಸೂತ್ರವಾಯಿತು.

ಆಮೇಲೆ ತಗಡು ಹಬ್ಬಿತು. ವರ್ಷ ಕಳೆಯುವುದರೊಳಗೆ ಮೂರು ತಾಲೂಕಿನಲ್ಲಿ ನಲವತ್ತಕ್ಕೂ ಹೆಚ್ಚು ಹೆಂಗಸರ ತಾಳಿಸರದಲ್ಲಿ ದೇವಕ್ಕನ ತಗಡಿತ್ತು. ಮಂಜಪ್ಪನವರು ಕರೆದು, ಕಾಗದರಹಿತ ಸುತ್ತೋಲೆ ಮೀರಿದ್ದು ಯಾಕೆಂದು ಕೇಳಿದರು.

"ಕಾಗದದ ಮೇಲೆ ಆನು ಒಂದಕ್ಷರ ಬರದ್ನಿಲ್ಲೆ," ಎಂದಳು ದೇವಕ್ಕ. "ಬೇಕಾದ್ರೆ ತಗಡಿಗೂ ಒಂದು ಸುತ್ತೋಲೆ ತೆಗೀರಿ."

ಸುತ್ತೋಲೆ ತೆಗೆಯಲಿಲ್ಲ. ಬದಲಿಗೆ ಆ ವರ್ಷದ ವರದಿಯಲ್ಲಿ "ಗಣಕೀಕರಣದ ಫಲವಾಗಿ ಮೂರು ಶಾಖೆಗಳ ನಡುವೆ ಮಾಹಿತಿಯ ಸುಗಮ ವಿನಿಮಯ" ಎಂಬ ಒಂದು ಪರಿಚ್ಛೇದ ಸೇರಿತು. ಬರೆದವನು ನಾನು. ೨೦೦೭ರಲ್ಲಿ ದೇವಕ್ಕ ನಿವೃತ್ತಳಾದಳು. ಬೀಳ್ಕೊಡುಗೆಯಲ್ಲಿ ಮಂಜಪ್ಪನವರು ಅರ್ಧ ಗಂಟೆ ಕಂಪ್ಯೂಟರುಗಳನ್ನು ಹೊಗಳಿ, ಕೊನೆಗೆ ನೆನಪಾಗಿ ಅವಳಿಗೆ ಶಾಲು ಹೊದೆಸಿದರು.

ನನ್ನ ಮಗಳು ದೀಕ್ಷಿತಾಳನ್ನು ಕಿರವತ್ತಿಗೆ ಕೊಟ್ಟಿದ್ದೆ. ೨೦೦೮ರಲ್ಲಿ ಅವಳಿಗೆ ಆರು ತಿಂಗಳು ತುಂಬಿದಾಗ ಒಂದು ಸಂಜೆ ಅಳಿಯ ದರ್ಶನನ ಫೋನ್ ಬಂತು. ಜ್ವರ ಬಂದಿತ್ತಂತೆ, ಯಲ್ಲಾಪುರದ ನಮ್ಮದೇ ಶಾಖೆಯಲ್ಲಿ ಸೂಜಿ ಹಾಕಿದರಂತೆ, ಮೈಯೆಲ್ಲ ದದ್ದೆದ್ದು ಉಸಿರಾಡಲು ಕಷ್ಟವಾಯಿತಂತೆ, ಈಗ ಆರಾಮಂತೆ.

"ಯಾವ ಸೂಜಿ?" ಎಂದೆ.

"ಅದು ಗೊತ್ತಿಲ್ರಿ ಮಾವಾರ. ನೀವು ಚಿಂತಿ ಮಾಡಬ್ಯಾಡ್ರಿ, ಎಲ್ಲಾ ಕಂಪ್ಯೂಟರಿನ್ಯಾಗ ಹಾಕ್ಯಾರ."

ಆ ಕಂಪ್ಯೂಟರನ್ನು ನಾನು ಬಲ್ಲೆ. ಯಲ್ಲಾಪುರಕ್ಕೆ ಫೋನ್ ಮಾಡಿದೆ, ಕಚೇರಿ ಮುಚ್ಚಿತ್ತು. ಓಡಿಹೋಗಿ ಶಿರಸಿಯ ಶಾಖೆಯಲ್ಲಿ ಕೂತು, ನಾವೇ ಕೊಂಡ ನಾಲ್ಕನೇ ಯಂತ್ರಕ್ಕೆ ದೀಕ್ಷಿತಾ ಎಂದು ಹೊಡೆದೆ. ಅಂಥ ರೋಗಿ ಇಲ್ಲ ಎಂದು ಬಂತು. ಮತ್ತೆ ಹೊಡೆದೆ. ಮತ್ತೆ ಇಲ್ಲ ಎಂದಿತು. ನನ್ನ ಮಗಳು ಇನ್ನೊಂದು ತಿಂಗಳಲ್ಲಿ ಹೆರಿಗೆಗೆ ಶಿರಸಿಗೆ ಬರುವವಳು, ಅವಳನ್ನು ಕೊಲ್ಲಬಲ್ಲ ಔಷಧಿಯ ಹೆಸರು ಯಲ್ಲಾಪುರದ ಒಂದು ಪೆಟ್ಟಿಗೆಯಲ್ಲಿದೆ, ಆ ಪೆಟ್ಟಿಗೆ ನನ್ನ ಜೊತೆ ಮಾತಾಡುವುದಿಲ್ಲ. ಸಿಟ್ಟು ಯಾರ ಮೇಲೆ ಮಾಡಿಕೊಳ್ಳಲಿ?

ಬೆಳಿಗ್ಗೆ ಇಸಳೂರಿಗೆ ಹೋದೆ. ದೇವಕ್ಕ ಅಂಗಳದಲ್ಲಿ ಮೆಣಸಿನ ಸಂಡಿಗೆ ಒಣಗಿಸುತ್ತಿದ್ದಳು. ನಾನು ಹೇಳಿ ಮುಗಿಸುವ ಮೊದಲೇ ಕೈ ಒರೆಸಿಕೊಂಡು ಒಳಗೆ ಹೋಗಿ ಯಲ್ಲಾಪುರದ ನರ್ಸಮ್ಮನ ಮನೆಗೆ ಫೋನ್ ಮಾಡಿದಳು, ಔಷಧಿಯ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿಸಿಕೊಂಡು ಚೀಟಿಯಲ್ಲಿ ಬರೆದುಕೊಟ್ಟಳು.

"ತಗಡು ಮಾಡ್ಸು, ನಿನ್ನ ಮಗ್ಳಿಗೆ ಎಂತ ಆಗ್ತಿಲ್ಲೆ," ಎಂದಳು. "ಆದ್ರೆ ಮಧುಕೇಶ್ವರ, ತಾಳಿ ಇಲ್ದೇ ಇದ್ದವ್ಕೆ ಎಂತ ಗತಿ? ಕಿರವತ್ತಿಯ ಕಾಡುಕೆಲಸದ ಬೈರಂಗೂ ಪೆನ್ಸಿಲಿನ್ ಆಗ್ತಿಲ್ಲೆ. ಅವ ಎಲ್ಲಿ ಕಟ್ಕಳವು?"

ಖರೀದಿ ಆದೇಶಕ್ಕೆಂದು ಬರೆದಿದ್ದ ಆ ವಾಕ್ಯ ಮತ್ತೊಮ್ಮೆ ಹೇಳು ಎಂದೆ. ನನ್ನ ಮೇಜಿನ ಮೇಲೆ ಎರಡು ಸಲ ಬಂದು ಬಿದ್ದ ವಾಕ್ಯ ನನಗೆ ಬಾಯಿಗೆ ಬರುತ್ತಿರಲಿಲ್ಲ. ಅವಳು ಹೇಳಿದಳು, ನಾನು ಬರೆದುಕೊಂಡೆ.

ಹಳೆಯ ಯಂತ್ರಗಳು ಮೇಲಿಂದ ಮೇಲೆ ಕೆಡುತ್ತಿದ್ದುದರಿಂದ ಮೂರೂ ಶಾಖೆಗೆ ಹೊಸದು ಕೊಳ್ಳುವ ಸಭೆ ಅದೇ ವಾರ ಇತ್ತು. ಕಂಪನಿಯವರು ವಾಡಿಕೆಯಂತೆ ಹನ್ನೊಂದಕ್ಕೆ ಬಂದರು. ನಾನು ವಾಕ್ಯವನ್ನು ಓದಿ, ಇದನ್ನು ಆದೇಶದಲ್ಲಿ ಸೇರಿಸದೆ ನಾನು ಊಟಕ್ಕೆ ಏಳುವುದಿಲ್ಲ ಎಂದೆ.

"ಇಷ್ಟು ವರ್ಷ ಇಲ್ಲದ್ದು ಈಗೇನು ಮಧುಕೇಶ್ವರ?" ಎಂದರು ಮಂಜಪ್ಪನವರು. "ಬಡಿಸಿ ಕಾಯ್ತಾ ಇದಾರೆ."

"ನನ್ನ ಮಗಳು ಹೆರಿಗೆಗೆ ಬರ್ತಾ ಇದಾಳೆ," ಎಂದೆ. ಯಲ್ಲಾಪುರದಲ್ಲಿ ಆದದ್ದನ್ನೂ ಹೇಳಿದೆ.

ಸಿದ್ದಾಪುರದ ಸದಸ್ಯರ ಮಗಳು ಯಲ್ಲಾಪುರದಲ್ಲಿದ್ದಳು. ಮಂಜಪ್ಪನವರ ಕಿರಿಯ ಸೊಸೆ ಆಗಷ್ಟೇ ಸಿದ್ದಾಪುರದ ತವರಿಗೆ ಹೋಗಿದ್ದಳು, ಅವರು ಕಂಪನಿಯವನನ್ನು ಬಿಟ್ಟು ಕಿಟಕಿಯ ಕಡೆ ನೋಡತೊಡಗಿದರು. ಕಂಪನಿಯವನು ಇದಕ್ಕೆ ಸಮಯ ಹಿಡಿಯುತ್ತದೆ ಎಂದ. ಹಿಡಿಯಲಿ ಎಂದರು ಮಂಜಪ್ಪನವರು. ಅವನು ಗಡಿಯಾರ ನೋಡಿಕೊಂಡ, ಯಾರೂ ಊಟಕ್ಕೆ ಏಳಲಿಲ್ಲ. ಮೂರು ಗಂಟೆಯವರೆಗೆ ಪ್ರಶ್ನೆ ಕೇಳಿದೆವು. ಒಂದು ಹೆಂಗಸಿಗೆ ಎರಡು ಹೆಸರು ಬರೆಯಲು ಜಾಗ ಬೇಕು ಎನ್ನುವುದನ್ನೂ ಸೇರಿಸಿದೆವು.

ಒಂಬತ್ತು ವರ್ಷ ಅಲ್ಲಾಡದ ವಾಕ್ಯ ಒಂದೇ ದಿನದಲ್ಲಿ ಠರಾವಾಯಿತು. ದೇವಕ್ಕನಿಗೆ ಮಗಳೂ ಇರಲಿಲ್ಲ, ಸೊಸೆಯೂ ಇರಲಿಲ್ಲ. ಅವಳು ಅಷ್ಟು ವರ್ಷ ಕೇಳಿದ್ದು ಯಾರ ಯಾರದೋ ಮಕ್ಕಳಿಗಾಗಿ, ಅದಕ್ಕೇ ನಮಗೆ ಕೇಳಿಸಿರಲಿಲ್ಲ ಎಂದು ಅಲ್ಲಿ ಕೂತಾಗ ನನಗೆ ಹೊಳೆಯಿತು. ಗುಮಾಸ್ತ ಠರಾವಿನ ಪುಸ್ತಕದಲ್ಲಿ "ಸೂಚಕರು: ಮಧುಕೇಶ್ವರ" ಎಂದು ಬರೆದ. ಇದು ದೇವಕ್ಕನದು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಂಜಪ್ಪನವರು ನನ್ನ ಬೆನ್ನು ತಟ್ಟಿ, "ಒಳ್ಳೇ ಯೋಚನೆ ಮಾರಾಯ. ಇದನ್ನ ಮೊದಲೇ ಯಾರಾದ್ರೂ ಹೇಳಬಾರದಿತ್ತಾ?" ಎಂದರು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಸುಮ್ಮನಿದ್ದೆ.